ಮನೆಯ ಬೀರುವಿನಲ್ಲೇ ಇದೆ ಛದ್ಮವೇಷ

ಮಾನ್ಯ ಸಂಪಾದಕರೇ,

ಆಗಸ್ಟ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಛದ್ಮವೇಷದ ಕಾಲ ಶುರುವಾಗುತ್ತದೆ. ಸ್ವಾತಂತ್ರ್ಯ ದಿನಾಚರಣೆ, ಕೃಷ್ಣಾಷ್ಟಮಿ, ಪ್ರತಿಭಾ ಕಾರಂಜಿ, ಗಾಂಧಿ ಜಯಂತಿ, ರಾಜ್ಯೋತ್ಸವ, ಮಕ್ಕಳ ದಿನಾಚರಣೆ ಎಂದು ನವೆಂಬರ್ ನಡುವಿನವರೆಗೂ ಮಕ್ಕಳು ಒಂದಲ್ಲ ಒಂದು ಸಂದರ್ಭಕ್ಕೆ ವೇಷ ಹಾಕುತ್ತಲೇ ಇರುತ್ತಾರೆ. ಅಷ್ಟೂ ದಿನ ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿಗಳ ಮುಂದೆ ತಂದೆತಾಯಂದಿರು ಕಾದು ನಿಂತಿರುತ್ತಾರೆ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 31 ವರ್ಷ ಪಾಠ ಹೇಳಿ, ಜೊತೆಗೆ ಮಕ್ಕಳಿಗೆ ಹೊಲಿಗೆಯನ್ನೂ ಕಲಿಸಿ ನಿವೃತ್ತಳಾದವಳು ನಾನು. ಆ ಅಂಗಡಿಗಳ ಮುಂದೆ ಹಾಗೆ ಕಾಯುವ ಅಗತ್ಯವಿಲ್ಲ, ಮಕ್ಕಳ ವೇಷಕ್ಕೆ ಬೇಕಾದ ಬಟ್ಟೆ ಬಹುಪಾಲು ನಮ್ಮ ಮನೆಯ ಬೀರುವಿನಲ್ಲಿಯೇ ಇದೆ ಎಂಬುದನ್ನು ಪೋಷಕರಿಗೂ ಶಿಕ್ಷಕರಿಗೂ, ಮುಖ್ಯವಾಗಿ ತೀರ್ಪುಗಾರರಿಗೂ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಬಾಡಿಗೆಯ ಅಂಗಡಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವುಗಳನ್ನು ನಡೆಸುವವರೂ ದುಡಿದು ಉಣ್ಣುವವರೇ. ನಾಟಕದ ತಂಡಗಳಿಗೆ, ನೃತ್ಯಶಾಲೆಗಳಿಗೆ ಅವರು ಬೇಕೇ ಬೇಕು. ಆದರೆ ಆರೇಳು ವರ್ಷದ ಮಗು ಎರಡು ನಿಮಿಷ ವೇದಿಕೆಯ ಮೇಲೆ ನಿಂತು ನಾಲ್ಕು ಮಾತು ಹೇಳಿ ಇಳಿಯುವುದಕ್ಕಾಗಿ ಬಾಡಿಗೆ, ಠೇವಣಿ, ಹೋಗಿ ಬರುವ ಬಸ್ಸಿನ ದುಡ್ಡು, ಮರುದಿನವೇ ಹಿಂದಿರುಗಿಸಬೇಕೆಂಬ ಧಾವಂತ, ಇವೆಲ್ಲ ಸೇರಿದಾಗ ಕೂಲಿ ಮಾಡುವ ತಾಯಿಯೊಬ್ಬಳ ದುಡಿಮೆಯ ಎಷ್ಟು ಭಾಗ ಹೋಗುತ್ತದೆ ಎಂಬುದನ್ನು ನಾವು ಲೆಕ್ಕ ಹಾಕಿಲ್ಲ. ನಾನು ಕೆಲಸದಲ್ಲಿದ್ದಾಗ ಛದ್ಮವೇಷದ ದಿನ ಹಾಜರಿ ಪುಸ್ತಕ ತೆರೆದರೆ ಪ್ರತಿ ವರ್ಷವೂ ಕೆಲವು ಹೆಸರುಗಳ ಮುಂದೆ ಗೈರುಹಾಜರಿ ಗುರುತಿಸಬೇಕಾಗುತ್ತಿತ್ತು. ಮೊದಮೊದಲು ಜ್ವರವಿರಬೇಕು, ಊರಹಬ್ಬವಿರಬೇಕು ಎಂದುಕೊಂಡಿದ್ದೆ. ಮರುದಿನ ಅದೇ ಮಕ್ಕಳು ಬಂದು ಕುಳಿತಿರುತ್ತಿದ್ದರು. ಕಾರಣ ಕೇಳಿದರೆ ತಲೆ ತಗ್ಗಿಸುತ್ತಿದ್ದರು. ಒಬ್ಬ ಹುಡುಗ ಮಾತ್ರ ‘ಡ್ರೆಸ್ ಇರ್ಲಿಲ್ಲ ಟೀಚರ್’ ಎಂದ. ಆ ಮಾತು ನನ್ನ ಮನಸ್ಸಿನಲ್ಲಿ ಇಂದಿಗೂ ಹಾಗೇ ಉಳಿದಿದೆ. ಅವನ ತಂದೆ ದಿನವೂ ಉಡುತ್ತಿದ್ದ ಪಂಚೆ, ಹೆಗಲ ಮೇಲಿನ ಟವೆಲ್ಲು, ಮಳೆಗಾಲದಲ್ಲಿ ಹೊದೆಯುವ ಕಂಬಳಿ, ಈ ಮೂರರಿಂದಲೇ ಅವನನ್ನು ರೈತನನ್ನಾಗಿಯೋ ಕುರುಬನನ್ನಾಗಿಯೋ ಹರಿಕಾರನನ್ನಾಗಿಯೋ ವೇದಿಕೆಗೆ ಹತ್ತಿಸಬಹುದಿತ್ತು. ಅದನ್ನು ಅವನಿಗೆ ಮೊದಲೇ ಹೇಳದಿದ್ದ ತಪ್ಪು ಶಿಕ್ಷಕಿಯಾಗಿದ್ದ ನನ್ನದು.

ಕಳೆದ ವರ್ಷ ನಡೆದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾಲ್ಕನೆಯ ತರಗತಿಯಲ್ಲಿರುವ ನನ್ನ ಮೊಮ್ಮಗಳಿಗೆ ಒನಕೆ ಓಬವ್ವನ ವೇಷ ಹಾಕಬೇಕೆಂದು ಶಾಲೆಯಿಂದ ತಿಳಿಸಿದರು. ನನ್ನ ಸೊಸೆ ಬಾಡಿಗೆಯ ಅಂಗಡಿಗೆ ಹೋಗಿ ವಿಚಾರಿಸಿದಾಗ ಅವರು ತೆಗೆದು ತೋರಿಸಿದ್ದು ಹೊಳೆಯುವ ಹಸಿರು ಸ್ಯಾಟಿನ್ ಬಟ್ಟೆಗೆ ಬಂಗಾರದ ಬಣ್ಣದ ಲೇಸು ಹಚ್ಚಿ ಹೊಲಿದ ಸಿದ್ಧ ಉಡುಪು, ಒಂದು ಪ್ಲಾಸ್ಟಿಕ್ ಕಿರೀಟ, ಎರಡೆಳೆ ಮುತ್ತಿನ ಹಾರ. ಕಿತ್ತೂರು ಚೆನ್ನಮ್ಮನಿಗೂ ಅದೇ, ಅಬ್ಬಕ್ಕನಿಗೂ ಅದೇ, ಝಾನ್ಸಿಯ ಲಕ್ಷ್ಮೀಬಾಯಿಗೂ ಅದೇ. ಕೈಗೆ ಕತ್ತಿಯ ಬದಲು ಒನಕೆ ಕೊಟ್ಟರೆ ಓಬವ್ವ. ಚಿತ್ರದುರ್ಗದ ಕೋಟೆಯನ್ನು ಕಂಡವರು, ಓಬವ್ವನ ಕಿಂಡಿಯ ಮುಂದೆ ನಿಂತವರು ಒಮ್ಮೆ ಯೋಚಿಸಬೇಕು. ಆಕೆ ರಾಣಿಯಲ್ಲ. ಕೋಟೆಯ ಕಾವಲುಗಾರನೊಬ್ಬನ ಹೆಂಡತಿ. ಗಂಡ ಊಟಕ್ಕೆ ಕುಳಿತಾಗ ನೀರು ತರಲೆಂದು ಹೋದವಳು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತೆವಳಿ ಬರುತ್ತಿರುವುದನ್ನು ಕಂಡು, ಮನೆಯ ಒನಕೆಯನ್ನೇ ಹಿಡಿದು ನಿಂತಳು ಎಂಬುದು ನಾವೆಲ್ಲ ಕೇಳಿ ಬೆಳೆದ ಕಥೆ. ಅಡುಗೆ ಮಾಡಿ ಬಡಿಸುತ್ತಿದ್ದ ಹೆಂಗಸು ಕಿರೀಟ ಧರಿಸಿರಲಿಲ್ಲ. ದಿನವೂ ಉಡುವ ಸೀರೆಯಲ್ಲಿಯೇ ಇದ್ದಳು. ಆ ಕಥೆ ಇಷ್ಟು ಕಾಲ ಉಳಿದು ಬಂದಿರುವುದೇ ಆಕೆ ದಿನದ ಬಟ್ಟೆಯಲ್ಲಿ, ಕೈಗೆ ಸಿಕ್ಕ ದಿನದ ವಸ್ತುವಿನಿಂದ ಅಂಥ ಕೆಲಸ ಮಾಡಿದಳು ಎಂಬ ಕಾರಣಕ್ಕೆ. ಹಾಗಿರುವಾಗ ಆಕೆಗೆ ಸ್ಯಾಟಿನ್ ತೊಡಿಸಿ ಕಿರೀಟ ಇಟ್ಟರೆ ಮಗು ಕಲಿಯುವುದು ಬೇರೆಯೇ ಕಥೆಯನ್ನು.

ನಾವು ವೇಷವನ್ನು ಮನೆಯಲ್ಲಿಯೇ ಕಟ್ಟಿದೆವು. ನನ್ನದೇ ಒಂದು ಹಳೆಯ ಹತ್ತಿ ಸೀರೆ, ಒಗೆದು ಒಗೆದು ಮೆತ್ತಗಾದ ಕಡುಗೆಂಪು ಬಣ್ಣದ್ದು, ಅದಕ್ಕೆ ಸಾಕಾಯಿತು. ಸೀರೆ ಐದೂವರೆ ಮೀಟರ್ ಉದ್ದ, ಸುಮಾರು 45 ಅಂಗುಲ ಅಗಲ ಇರುವುದರಿಂದ ಒಂಬತ್ತು ವರ್ಷದ ಹುಡುಗಿಗೆ ಎರಡೂ ಹೆಚ್ಚು. ಹಾಗೆಂದು ಕತ್ತರಿಸಬೇಕಾಗಿಲ್ಲ. ಅಗಲದ ಮೂರರಲ್ಲೊಂದು ಪಾಲನ್ನು ಉದ್ದಕ್ಕೂ ಒಳಗೆ ಮಡಿಸಿದರೆ ಸುಮಾರು 30 ಅಂಗುಲ ಉಳಿಯುತ್ತದೆ. ಅದು ಆ ವಯಸ್ಸಿನ ಮಗುವಿನ ಸೊಂಟದಿಂದ ಕಣಕಾಲಿನವರೆಗೆ ಸರಿಹೋಗುತ್ತದೆ. ಒಳಗೆ ಲೆಗ್ಗಿಂಗ್ಸ್ ಹಾಕಿಸಿ, ಸೊಂಟಕ್ಕೆ ಒಳಲಂಗದ ಲಾಡಿಯೊಂದನ್ನು ಬಿಗಿಯಾಗಿ ಕಟ್ಟಿ, ಸೀರೆಯನ್ನು ಆ ಲಾಡಿಗೆ ಸಿಕ್ಕಿಸುತ್ತಾ ಸುತ್ತಿ, ಮುಂದಿನ ನೆರಿಗೆಯನ್ನು ಕಾಲುಗಳ ನಡುವೆ ಹಿಂದಕ್ಕೆ ತೆಗೆದುಕೊಂಡು ಕಚ್ಚೆ ಹಾಕಿದೆವು. ಉಳಿದ ಉದ್ದವನ್ನು ಎದೆಯ ಮೇಲೆ ಸೆರಗಾಗಿ ತಂದು, ಅದರ ತುದಿಯನ್ನು ನಡುವಿಗೆ ಎರಡು ಸುತ್ತು ಸುತ್ತಿದಾಗ ಅದೇ ನಡುಕಟ್ಟಾಯಿತು. ಆಗ ಮೊಮ್ಮಗಳು ಕೇಳಿದ ಪ್ರಶ್ನೆ ಹೀಗಿತ್ತು: ‘ಅಜ್ಜಿ, ಓಬವ್ವ ಸೆರಗನ್ನ ಯಾಕೆ ನಡುವಿಗೆ ಸುತ್ಕೊಂಡಿದ್ಲು?’ ಕೆಲಸ ಮಾಡುವ ಹೆಂಗಸರೆಲ್ಲ ಹಾಗೆಯೇ ಸೆರಗು ಸಿಕ್ಕಿಸುತ್ತಾರೆ, ಒನಕೆ ಎತ್ತುವಾಗ ಅದು ಅಡ್ಡ ಬರಬಾರದು ಎಂದು ಹೇಳಿದೆ. ಬಾಡಿಗೆಯ ಅಂಗಡಿಯ ಜಿಪ್ ಇರುವ ಉಡುಪನ್ನು ಹಾಕಿಕೊಂಡಿದ್ದರೆ ಈ ಪ್ರಶ್ನೆ ಅವಳಿಗೆ ಹುಟ್ಟುತ್ತಿರಲಿಲ್ಲ.

ಒನಕೆಗೆ ನಮ್ಮ ಬೀದಿಯ ಬಟ್ಟೆ ಅಂಗಡಿಯವರು ಥಾನು ಸುತ್ತಿ ಬರುವ ಉದ್ದನೆಯ ರಟ್ಟಿನ ಕೊಳವೆಯೊಂದನ್ನು ಸುಮ್ಮನೆ ಕೊಟ್ಟರು. ಅದರ ಮೇಲೆ ಹಳೆಯ ಪುಸ್ತಕಕ್ಕೆ ಹಾಕುವ ಕಂದು ಕಾಗದವನ್ನು ಮೈದಾ ಅಂಟಿನಿಂದ ಅಂಟಿಸಿ, ಒಣಗಿದ ಮೇಲೆ ಕಾಫಿಯ ಗಟ್ಟಿ ಡಿಕಾಕ್ಷನ್ ಹಚ್ಚಿದಾಗ ಮರದ ಎಳೆಗಳಂತೆ ಗೆರೆಗಳು ಬಂದವು. ತುದಿಗೆ ಸುತ್ತಿದ ಕಪ್ಪು ಟೇಪು ಕಬ್ಬಿಣದ ಪಟ್ಟಿಯಂತೆ ಕಂಡಿತು. ಮಗು ಅದನ್ನು ತಲೆಯ ಮೇಲೆ ಎತ್ತಿ ಹಿಡಿಯಬಹುದು. ಪಕ್ಕದ ಮಗುವಿಗೆ ತಗುಲಿದರೂ ಪೆಟ್ಟಾಗುವುದಿಲ್ಲ. ಸಂಜೆ ಸೀರೆಯನ್ನು ಬಿಚ್ಚಿ ಒಗೆದು ಮಡಿಸಿಟ್ಟೆವು. ಈಗಲೂ ನಾನು ಅದನ್ನು ಉಡುತ್ತೇನೆ.

ಬಹುಮಾನ ಬರಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ, ಇನ್ನೊಂದು ಮಗು ನಿಜವಾಗಿಯೂ ಚೆನ್ನಾಗಿ ಮಾತನಾಡಿತು. ಬೇಸರವಾದದ್ದು ತೀರ್ಪುಗಾರರೊಬ್ಬರು ನನ್ನ ಸೊಸೆಗೆ ಹೇಳಿದ ಮಾತಿನಿಂದ: ‘ಕಾಸ್ಟ್ಯೂಮ್ ಇನ್ನೂ ಗ್ರ್ಯಾಂಡ್ ಆಗಿರ್ಬೇಕಿತ್ತು, ಮನೆ ಸೀರೆ ಅಂತ ಗೊತ್ತಾಗ್ಬಿಡುತ್ತೆ.’ ಮನೆಯ ಸೀರೆ ಎಂದು ಗೊತ್ತಾಗುವುದು ಓಬವ್ವನ ವೇಷಕ್ಕೆ ಕೊರತೆ ಹೇಗಾದೀತು? ಶಾಲೆಯ ಹೆಸರಾಗಲಿ ಆ ತೀರ್ಪುಗಾರರ ಹೆಸರಾಗಲಿ ಇಲ್ಲಿ ಮುಖ್ಯವಲ್ಲ. ಇಂಥ ಮಾತು ನಮ್ಮ ಎಷ್ಟೋ ವೇದಿಕೆಗಳ ಕೆಳಗೆ ಕೇಳಿಬರುತ್ತಿದೆ ಎಂಬುದಕ್ಕಾಗಿ ಬರೆದೆ.

ಇದೇ ತಪ್ಪು ಗಾಂಧೀಜಿಯವರ ವೇಷದಲ್ಲಿ ಇನ್ನಷ್ಟು ನೋವು ಕೊಡುತ್ತದೆ. 1921ರ ಸೆಪ್ಟೆಂಬರ್ 22ರಂದು ಮಧುರೈಯಲ್ಲಿ ಗಾಂಧೀಜಿ ತಮ್ಮ ಉಡುಪನ್ನು ಮೊಣಕಾಲುದ್ದದ ತುಂಡು ಬಟ್ಟೆಗೆ ಇಳಿಸಿದರು. ಮೈತುಂಬ ಖಾದಿ ಕೊಳ್ಳುವ ಶಕ್ತಿಯಿಲ್ಲದ ಬಡವರು ಈ ದೇಶದಲ್ಲಿ ಎಷ್ಟೊಂದು ಜನರಿದ್ದಾರೆ ಎಂಬುದನ್ನು ಕಂಡು ಕೈಗೊಂಡ ನಿರ್ಧಾರವದು. ಅಂಥವರ ವೇಷಕ್ಕೆ ನಾವು ದುಡ್ಡು ಕೊಟ್ಟು, ತಲೆ ತುರಿಸುವ ರಬ್ಬರಿನ ಬೋಳು ಟೋಪಿಯನ್ನೂ ಪಾಲಿಯೆಸ್ಟರ್ ಪಂಚೆಯನ್ನೂ ಬಾಡಿಗೆಗೆ ತರುತ್ತೇವೆ. ಸ್ನಾನದ ಬಿಳಿ ಟವೆಲ್ಲೊಂದನ್ನು ಸೊಂಟಕ್ಕೆ ಬಿಗಿದು, ತಾತನ ಬಿಳಿಯ ಶಲ್ಯವನ್ನು ಭುಜದ ಮೇಲೆ ಹೊದಿಸಿ, ಮೆತ್ತನೆಯ ತಂತಿಯನ್ನು ಎರಡು ಬಳೆಗಳ ಸುತ್ತ ಬಾಗಿಸಿ ಗಾಜಿಲ್ಲದ ಕನ್ನಡಕ ಮಾಡಿ, ಕೈಗೊಂದು ಕೋಲು ಕೊಟ್ಟರೆ ಮುಗಿಯಿತು. ಸೊಂಟಕ್ಕೆ ದಾರದಲ್ಲಿ ಒಂದು ಹಳೆಯ ಗಡಿಯಾರ ಇಳಿಬಿಟ್ಟರೆ ಯಾರ ವೇಷವೆಂದು ಯಾರೂ ಕೇಳುವುದಿಲ್ಲ. ತಲೆಗೂದಲು ಇದ್ದರೆ ಇರಲಿ. ಮಗುವೊಂದು ಗಾಂಧೀಜಿಯನ್ನು ನೆನಪಿಸಿದರೆ ಸಾಕು.

ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡ ಮಾತೊಂದಿದೆ. ವೇದಿಕೆಯಿಂದ ಇಪ್ಪತ್ತು ಅಡಿ ದೂರ ಕುಳಿತವರು ಒಂದು ಪಾತ್ರವನ್ನು ಗುರುತಿಸುವುದು ತಲೆಯ ಮೇಲಿರುವುದರಿಂದ, ಬಟ್ಟೆಯ ಬಣ್ಣದಿಂದ, ಕೈಯಲ್ಲಿರುವ ವಸ್ತುವಿನಿಂದ. ಗುಂಡಿ, ಕಸೂತಿ, ಲೇಸು ಅಷ್ಟು ದೂರಕ್ಕೆ ಕಾಣುವುದೇ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ತೆಗೆದುಕೊಳ್ಳಿ, ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನಕ್ಕೆ ಎಷ್ಟೋ ಶಾಲೆಗಳಲ್ಲಿ ಈ ವೇಷ ಇರುತ್ತದೆ. ಮೈಸೂರು ಪೇಟ ಸರಿಯಾಗಿದ್ದರೆ ಉಳಿದದ್ದು ತಾನಾಗಿಯೇ ಸರಿಯಾಗುತ್ತದೆ. ನಮ್ಮ ಮನೆಗಳಲ್ಲಿ ಸನ್ಮಾನದ ಶಾಲುಗಳು ಹೊದೆಯುವವರಿಲ್ಲದೆ ಬೀರುವಿನ ಮೇಲಿನ ಖಾನೆಯಲ್ಲಿ ಬಿದ್ದಿರುತ್ತವೆ. ಅವುಗಳ ಜರಿಯಂಚು ಪೇಟಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಮಗುವಿನ ಹಳೆಯ ಟೋಪಿಯೊಂದರ ಮುಂದಿನ ರೆಕ್ಕೆಯನ್ನು ಒಳಗೆ ಮಡಿಸಿ, ಅದನ್ನು ಬೋರಲು ಹಾಕಿದ ಪಾತ್ರೆಯ ಮೇಲೆ ಕೂರಿಸಿ, ನಾಲ್ಕು ಬೆರಳಗಲಕ್ಕೆ ಮಡಿಸಿದ ಬಿಳಿಯ ದುಪಟ್ಟವನ್ನು ಸುತ್ತು ಸುತ್ತಾಗಿ, ಪ್ರತಿ ಸುತ್ತೂ ಹಿಂದಿನದರ ಮೇಲೆ ಅರ್ಧದಷ್ಟು ಕೂರುವಂತೆ ಸುತ್ತಿ, ಕೊನೆಯ ಸುತ್ತಿಗೆ ಜರಿಯಂಚು ಮುಂದೆ ಬರುವಂತೆ ಶಾಲಿನ ತುದಿಯನ್ನು ಸೇರಿಸಿ, ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕಿದರೆ ಬಿಚ್ಚಿಕೊಳ್ಳದ ಪೇಟ ಸಿದ್ಧ. ಕೋಟಿಗೆ ಶಾಲೆಯ ಬ್ಲೇಜರ್, ಕೊರಳಿಗೆ ಶಾಲೆಯ ಟೈ, ಕೈಗೆ ಸುರುಳಿ ಸುತ್ತಿದ ನಕ್ಷೆಯ ಕಾಗದ. ಅದೇ ಬ್ಲೇಜರ್ ನೀಲಿ ಬಣ್ಣದ್ದಾಗಿದ್ದರೆ, ಕನ್ನಡಕ ಹಾಕಿಸಿ, ಕೈಗೆ ದಪ್ಪ ಪುಸ್ತಕವೊಂದನ್ನು ಕೊಟ್ಟು ಅಂಬೇಡ್ಕರ್ ಅವರ ವೇಷ ಹಾಕಬಹುದು. ಶರಣರ, ಸಂತರ ವೇಷಕ್ಕೆ ತಂದೆಯ ಬಿಳಿಯ ತುಂಬುತೋಳಿನ ಅಂಗಿಯನ್ನು ಹಿಂದುಮುಂದಾಗಿ ತೊಡಿಸಿ, ಕಾಲರನ್ನು ಒಳಕ್ಕೆ ಮಡಿಸಿದರೆ ಗುಂಡಿ ಕಾಣದ ನಿಲುವಂಗಿ ಆಗುತ್ತದೆ. ಅಂಗಿ ಸಡಿಲವಾದರೆ ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಂದ ಹಿಡಿದು, ಮೇಲೆ ಶಲ್ಯ ಹೊದಿಸಿದರೆ ಆಯಿತು. ಸಾಲುಮರದ ತಿಮ್ಮಕ್ಕನವರ ವೇಷಕ್ಕಂತೂ ಹುಡುಕುವುದೇ ಬೇಡ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಆಲದ ಗಿಡ ನೆಟ್ಟು, ಗಂಡನೊಂದಿಗೆ ನೀರು ಹೊತ್ತು ಬೆಳೆಸಿದ ಆ ತಾಯಿ ಉಟ್ಟಿದ್ದು ನಮ್ಮ ಅಜ್ಜಿಯರು ಉಡುವಂಥ ಸಾದಾ ಸೀರೆ. ಒಂದು ಬಿಂದಿಗೆ, ಒಂದು ಗಿಡ ಇದ್ದರೆ ಸಾಕು.

ಇನ್ನೊಂದು ನಿಧಿ ನಮ್ಮ ಮನೆಗಳಲ್ಲಿದೆ: ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಡುವ ಬ್ಲೌಸ್ ಪೀಸು. ಒಂದು ಮನೆಯಿಂದ ಇನ್ನೊಂದು ಮನೆಗೆ ಮಡಿಕೆ ಬಿಚ್ಚದೆ ಓಡಾಡುವ ಈ ತುಂಡುಗಳು ಸುಮಾರು ಒಂದು ಮೀಟರ್ ಇದ್ದು, ಎಲ್ಲ ಬಣ್ಣಗಳಲ್ಲಿ ಸಿಗುತ್ತವೆ. ಚಿಕ್ಕ ಮಗುವಿನ ಬೆನ್ನ ಮೇಲಿನ ಹೊದಿಕೆಗೆ, ನಡುಕಟ್ಟಿಗೆ, ತಲೆಯ ರುಮಾಲಿಗೆ ಒಂದೊಂದು ಸಾಕು.

ಈ ವಿಷಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮಾತ್ರ ಸೇರಿದ್ದಲ್ಲ. ಬೆಂಗಳೂರಿನಲ್ಲಿ ಕಾಲೇಜು ಓದುತ್ತಿರುವ ನನ್ನ ಹಿರಿಯ ಮೊಮ್ಮಗಳು ಎರಡು ವರ್ಷದ ಹಿಂದೆ ‘ಕಾಸ್‌ಪ್ಲೇ ಮಾಡ್ಬೇಕು ಅಜ್ಜಿ’ ಎಂದಾಗ ಆ ಪದವನ್ನು ನಾನು ಮೊದಲ ಬಾರಿಗೆ ಕೇಳಿದೆ. ಕಾಮಿಕ್ಸ್ ಪುಸ್ತಕ, ಅನಿಮೆ ಎಂಬ ಜಪಾನಿನ ಕಾರ್ಟೂನ್ ಚಿತ್ರ, ವಿಡಿಯೊ ಆಟಗಳ ಪಾತ್ರಗಳ ವೇಷ ಹಾಕಿ ಸಮಾವೇಶಗಳಲ್ಲಿ ಸೇರುವುದಕ್ಕೆ ಈ ಹೆಸರು. ಬೆಂಗಳೂರಿನ ಕಾಮಿಕ್ ಕಾನ್ ಎಂಬ ಸಮಾವೇಶಕ್ಕೆ ನಾಡಿನ ಬೇರೆ ಬೇರೆ ಊರುಗಳಿಂದ ಹುಡುಗ ಹುಡುಗಿಯರು ಹೀಗೆ ವೇಷ ಹಾಕಿಕೊಂಡು ಬರುತ್ತಾರೆ. ಇದರ ಹಿನ್ನೆಲೆಯನ್ನು ತಿಳಿದುಕೊಂಡಾಗ ನನಗೆ ಸಂತೋಷವೇ ಆಯಿತು. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್ಮನ್ ಮತ್ತು ಮಿರ್ಟಲ್ ಡಗ್ಲಸ್ ಎಂಬ ಇಬ್ಬರು ಅಭಿಮಾನಿಗಳು ಮುಂದಿನ ಕಾಲದ ಜನರ ಉಡುಪೆಂದು ಕಲ್ಪಿಸಿಕೊಂಡ ಬಟ್ಟೆಗಳನ್ನು ತೊಟ್ಟು ಬಂದಿದ್ದರು. ಅವನ್ನು ಕಲ್ಪಿಸಿ ಹೊಲಿದವರು ಡಗ್ಲಸ್. ಈ ಅಭ್ಯಾಸಕ್ಕೆ ಇಂದಿನ ಹೆಸರು ಕೊಟ್ಟವರು ಜಪಾನಿನ ನೊಬುಯುಕಿ ತಕಾಹಾಶಿ, 1980ರ ದಶಕದ ಮೊದಲ ವರ್ಷಗಳಲ್ಲಿ. ಜಪಾನಿನ ನಗೋಯಾದಲ್ಲಿ 2003ರಿಂದ ನಡೆಯುತ್ತಿರುವ ವಿಶ್ವ ಕಾಸ್‌ಪ್ಲೇ ಶೃಂಗಸಭೆಯ ಸ್ಪರ್ಧೆಯಲ್ಲಿ ಸ್ಪರ್ಧಿಗಳು ತಮ್ಮ ಉಡುಪನ್ನು ತಾವೇ ತಯಾರಿಸಿರಬೇಕು. ಜಗತ್ತಿನ ದೊಡ್ಡ ವೇದಿಕೆಯಲ್ಲಿ ‘ಇದನ್ನು ಹೊಲಿದವರು ಯಾರು’ ಎಂದು ಕೇಳುತ್ತಾರೆ. ನಮ್ಮ ಶಾಲೆಯ ಸಭಾಂಗಣದಲ್ಲಿ ಯಾರೂ ಕೇಳುವುದಿಲ್ಲ.

ಕಾಸ್‌ಪ್ಲೇ ಮಾಡುವವರಲ್ಲಿಯೂ ಬೀರುವಿನ ಬಟ್ಟೆಗಳಿಂದಲೇ ವೇಷ ಕಟ್ಟುವ ಒಂದು ವರ್ಗವಿದೆ. ಸಾವಿರಾರು ರೂಪಾಯಿ ಕೊಟ್ಟು ಸಿದ್ಧ ಉಡುಪು ತರಿಸಲಾಗದ ವಿದ್ಯಾರ್ಥಿಗಳಿಗೆ ಇದೇ ದಾರಿ. ನನ್ನ ಮೊಮ್ಮಗಳು ಆರಿಸಿಕೊಂಡದ್ದು ಪೊರಕೆಯ ಮೇಲೆ ಹಾರುವ ಪುಟ್ಟ ಮಾಟಗಾತಿಯ ಪಾತ್ರ. ಕಪ್ಪು ನಿಲುವಂಗಿ, ತಲೆಯಲ್ಲಿ ದೊಡ್ಡ ಕೆಂಪು ಬೋ. ಅವಳ ತಾಯಿಯ ಕಪ್ಪು ಕುರ್ತಾದ ಕೆಳಗಿನ ಸೀಳುಗಳನ್ನು ಕಚ್ಚಾ ಹೊಲಿಗೆಯಿಂದ ಮುಚ್ಚಿ, ತೋಳನ್ನು ಒಳಕ್ಕೆ ಮಡಿಸಿ, ಸೊಂಟದ ಬಳಿ ಒಳಗಿನಿಂದ ಎಲಾಸ್ಟಿಕ್ ಪಟ್ಟಿಯೊಂದನ್ನು ಪೋಣಿಸಿದಾಗ ಫ್ರಾಕಿನ ಆಕಾರ ಬಂತು. ಕೆಂಪು ಬ್ಲೌಸ್ ಪೀಸನ್ನು ಗಂಜಿಯಲ್ಲಿ ಅದ್ದಿ ಒಣಗಿಸಿ ಇಸ್ತ್ರಿ ಮಾಡಿದ್ದರಿಂದ ಬೋ ದಿನವಿಡೀ ಬಾಗದೆ ನಿಂತಿತ್ತು. ಹೊರಗಿನಿಂದ ಕೊಂಡದ್ದು ಎಲಾಸ್ಟಿಕ್ ಒಂದೇ. ಸಮಾವೇಶಕ್ಕೆ ಹೋಗಿ ಬಂದ ಮೇಲೆ ಕುರ್ತಾದ ಕಚ್ಚಾ ಹೊಲಿಗೆ ಬಿಚ್ಚಿ ಸೊಸೆಗೆ ಕೊಟ್ಟೆವು, ಅವಳು ಅದನ್ನು ಆಫೀಸಿಗೆ ಹಾಕುತ್ತಾಳೆ. ಇಂಥ ವೇಷಗಳನ್ನು ಕಂಡು ವಿದೇಶಿ ಹುಚ್ಚು ಎಂದು ಹಿರಿಯರು ಗೊಣಗುವುದನ್ನು ಕೇಳಿದ್ದೇನೆ. ಮೂರು ದಿನ ಸೂಜಿ ಹಿಡಿದು ಕುಳಿತ ಹುಡುಗಿಯನ್ನು ಕಂಡಿದ್ದರೆ ಅವರು ಹಾಗೆನ್ನುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಬಟ್ಟೆ ಸುತ್ತಿ ವೇಷ ಮಾಡುವುದು ನಮಗೆ ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. ಕನ್ನಡದಲ್ಲಿ ‘ವೇಷ ಕಟ್ಟುವುದು’ ಎಂಬ ಮಾತೇ ಇದೆ. ಬಡಗುತಿಟ್ಟಿನ ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಕುಳಿತು ನೋಡಿದವರಿಗೆ ಇದರ ಅರ್ಥ ತಿಳಿಯುತ್ತದೆ: ಕಲಾವಿದರು ತಮ್ಮ ಮುಖದ ಬಣ್ಣವನ್ನು ತಾವೇ ಬರೆದುಕೊಳ್ಳುತ್ತಾರೆ, ಕೆಂಪು ಹಳದಿ ಚೌಕಳಿಯ ಸೀರೆಯನ್ನು ಕಸೆಯಾಗಿ ಉಡುತ್ತಾರೆ, ಬಟ್ಟೆಯನ್ನು ಸುತ್ತಿ ಸುತ್ತಿ ಮುಂಡಾಸು ಕಟ್ಟಿಕೊಳ್ಳುತ್ತಾರೆ. ಉತ್ತರ ಕರ್ನಾಟಕದ ಹಗಲುವೇಷಗಾರರು ರಂಗಸ್ಥಳವೂ ಪರದೆಯೂ ಇಲ್ಲದೆ ಹಗಲಿನಲ್ಲಿಯೇ ಊರ ಬೀದಿಯಲ್ಲಿ ರಾಮನಾಗಿ, ಆಂಜನೇಯನಾಗಿ ಬರುತ್ತಿದ್ದರು. ಈ ಕಲಾವಿದರಲ್ಲಿ ಒಬ್ಬರನ್ನು ವರ್ಷಕ್ಕೊಮ್ಮೆ ಶಾಲೆಗೆ ಕರೆಸಿ ಮಕ್ಕಳ ಮುಂದೆ ಒಂದು ಮುಂಡಾಸು ಕಟ್ಟಿಸಿದರೆ, ಬಾಡಿಗೆಯ ಹತ್ತು ಕಿರೀಟಗಳಿಂದ ಕಲಿಯಲಾಗದ್ದನ್ನು ಮಕ್ಕಳು ಒಂದು ಗಂಟೆಯಲ್ಲಿ ಕಲಿಯುತ್ತಾರೆ.

ಬಣ್ಣದ ವಿಷಯದಲ್ಲಿಯೂ ಮನೆಯ ಅಡುಗೆಕೋಣೆ ಸಾಕಷ್ಟು ಒದಗಿಬರುತ್ತದೆ. ಹಳೆಯ ಬಿಳಿ ಹತ್ತಿ ಪಂಚೆಯನ್ನು ಗಟ್ಟಿ ಚಹಾ ಡಿಕಾಕ್ಷನ್ನಿನಲ್ಲಿ ಅರ್ಧ ಗಂಟೆ ಕುದಿಸಿದರೆ ಮಣ್ಣಿನ ಬಣ್ಣ ಬರುತ್ತದೆ; ಋಷಿಗಳಿಗೆ, ರೈತರಿಗೆ ಅದು ಒಪ್ಪುತ್ತದೆ. ಅರಿಶಿನ ಯಾವ ಸಹಾಯಕ ದ್ರವ್ಯವೂ ಇಲ್ಲದೆ ಹತ್ತಿಗೆ ಹತ್ತುವ ಅಪರೂಪದ ಬಣ್ಣ. ಆದರೆ ಬಿಸಿಲಿಗೆ ಬೇಗ ಮಾಸುತ್ತದೆ, ಸಾಬೂನು ತಗುಲಿದರೆ ಕೆಂಪಾಗುತ್ತದೆ. ಆರತಿಯ ನೀರಿಗೆ ಸುಣ್ಣ ಹಾಕಿದಾಗ ಆಗುವುದೂ ಇದೇ. ಆದ್ದರಿಂದ ಇನ್ನೆಂದೂ ಬೇಡವಾದ ಬಟ್ಟೆಗೆ ಮಾತ್ರ ಅರಿಶಿನ ಹಾಕಿ. ಪಾಲಿಯೆಸ್ಟರ್ ಬಟ್ಟೆಗೆ ಇವೆರಡೂ ಸರಿಯಾಗಿ ಹಿಡಿಯುವುದಿಲ್ಲ.

ಮಗುವಿನ ಮೈಗೆ ತಾಗುವ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಗಡ್ಡ ಮೀಸೆಯನ್ನು ಮಕ್ಕಳ ಮುಖಕ್ಕೆ ಕಾಗದದ ಅಂಟಿನಿಂದ ಅಂಟಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಕೀಳುವಾಗ ಆ ಮಗು ಅತ್ತ ರೀತಿಯನ್ನು ಮರೆಯಲಾರೆ. ಕೋವಿಡ್ ಕಾಲದ ಬಟ್ಟೆಯ ಮಾಸ್ಕು ಪ್ರತಿ ಮನೆಯಲ್ಲೂ ಒಂದೆರಡು ಉಳಿದಿರಬಹುದು. ಬಾಯಿಯ ಜಾಗವನ್ನು ಕತ್ತರಿಸಿ ತೆಗೆದು, ಉಳಿದ ಭಾಗಕ್ಕೆ ಉಲ್ಲನ್ ನೂಲನ್ನು ಸಾಲು ಸಾಲಾಗಿ ಹೊಲಿದರೆ ಕಿವಿಗೆ ಸಿಕ್ಕಿಸುವ ಗಡ್ಡ ಆಗುತ್ತದೆ. ಅರಳೆಯ ಗಡ್ಡ ಬೇಡ. ಅರಳೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ, ನಮ್ಮ ಕಾರ್ಯಕ್ರಮಗಳು ಶುರುವಾಗುವುದು ದೀಪ ಬೆಳಗಿಸುವುದರಿಂದ. ಬಾಡಿಗೆಯ ಉಡುಪುಗಳು ಹೆಚ್ಚಾಗಿ ನೈಲಾನ್, ಪಾಲಿಯೆಸ್ಟರ್. ಬೆಂಕಿ ತಗುಲಿದರೆ ಅವು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಹತ್ತಿಯೂ ಉರಿಯುತ್ತದೆ ನಿಜ, ಹಾಗಾಗಿ ಯಾವ ಬಟ್ಟೆಯಾದರೂ ವೇಷ ಹಾಕಿದ ಮಕ್ಕಳನ್ನು ದೀಪದ ಕಂಬದಿಂದ ದೂರ ಕೂರಿಸಬೇಕು. ಚಿತ್ರ ಬರೆಯುವ ಪೋಸ್ಟರ್ ಬಣ್ಣ ಮುಖಕ್ಕಲ್ಲ. ಸಣ್ಣ ಮಕ್ಕಳ ಬಟ್ಟೆಗೆ ಸೇಫ್ಟಿ ಪಿನ್ನಿನ ಬದಲು ನಾಲ್ಕು ಕಚ್ಚಾ ಹೊಲಿಗೆ ಹಾಕಿ. ಎರಡು ನಿಮಿಷ ಹೆಚ್ಚು ಹಿಡಿಯಬಹುದು, ಆದರೆ ಚುಚ್ಚುವುದಿಲ್ಲ.

ಇನ್ನೊಂದು ಮಾತು ಹೇಳದೆ ಇರಲಾರೆ. ಆದಿವಾಸಿಗಳ ವೇಷವೆಂದು ಮಗುವಿನ ಮೈಗೆ ಕಪ್ಪು ಬಳಿದು ಸೊಂಟಕ್ಕೆ ಎಲೆ ಕಟ್ಟಿ ನಿಲ್ಲಿಸುವುದನ್ನು ಶಾಲೆಗಳು ಕೂಡಲೇ ನಿಲ್ಲಿಸಬೇಕು. ಅದೇ ಸಭಾಂಗಣದಲ್ಲಿ ಆ ಸಮುದಾಯದ ಮಗು ಕುಳಿತಿರುತ್ತದೆ. ಒಬ್ಬರ ಬದುಕಿನ ಉಡುಪನ್ನು ತೋರಿಸಬೇಕೆಂದಿದ್ದರೆ ಆ ಮನೆಯವರನ್ನೇ ಕೇಳಿ, ಅವರು ಉಡುವಂತೆಯೇ ಉಡಿಸಿ, ಅವರ ಕೆಲಸವನ್ನು ಹೇಳಿಸಬೇಕು. ಚರ್ಮದ ಬಣ್ಣ ವೇಷವಲ್ಲ.

ಹೀಗಾಗಿ ಶಾಲೆಗಳಲ್ಲಿ ನನ್ನ ವಿನಂತಿ ಇದು. ಛದ್ಮವೇಷದ ಸೂಚನೆಯನ್ನು ಹಿಂದಿನ ದಿನ ಸಂಜೆ ಮೊಬೈಲಿಗೆ ಕಳಿಸದೆ ಕನಿಷ್ಠ ಒಂದು ವಾರ ಮೊದಲು ಕೊಡಿ. ಬಾಡಿಗೆಯ ಅಂಗಡಿಗೆ ಜನ ಓಡುವುದು ಅರ್ಧದಷ್ಟು ಈ ಅವಸರದಿಂದಲೇ. ಸೂಚನೆಯಲ್ಲಿಯೇ ‘ಮನೆಯ ಬಟ್ಟೆಗಳಿಂದ ತಯಾರಿಸಿದ ವೇಷಕ್ಕೆ ಆದ್ಯತೆ’ ಎಂಬ ಒಂದು ಸಾಲು ಇರಲಿ. ಸ್ಪರ್ಧೆಯ ಮೊದಲಿನ ವಾರದ ಒಂದು ಅವಧಿಯನ್ನು ವೇಷ ಕಟ್ಟುವುದಕ್ಕೇ ಮೀಸಲಿಟ್ಟು, ಬಟ್ಟೆ ತರಲಾಗದ ಮಕ್ಕಳಿಗಾಗಿ ಶಾಲೆಯಲ್ಲೊಂದು ಪೆಟ್ಟಿಗೆಯಲ್ಲಿ ಹಳೆಯ ಪಂಚೆ, ಸೀರೆ, ಶಾಲು, ಬ್ಲೌಸ್ ಪೀಸುಗಳನ್ನು ಒಗೆದು ಕೂಡಿಡಿ. ಊರಿನವರನ್ನು ಕೇಳಿದರೆ ಅದು ಒಂದೇ ದಿನದಲ್ಲಿ ತುಂಬುತ್ತದೆ. ತೀರ್ಪುಗಾರರು ಪ್ರತಿ ಮಗುವಿಗೂ ‘ಈ ವೇಷವನ್ನು ಯಾರು ಕಟ್ಟಿದರು, ಯಾವುದರಿಂದ ಕಟ್ಟಿದರು’ ಎಂಬ ಪ್ರಶ್ನೆಯನ್ನು ಕೇಳಿ, ಉತ್ತರಕ್ಕೂ ಅಂಕ ಕೊಡಲಿ. ಪ್ರತಿಭಾ ಕಾರಂಜಿಯ ಮಾರ್ಗಸೂಚಿಯನ್ನು ರೂಪಿಸುವ ಅಧಿಕಾರಿಗಳೂ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ. ಹೆಣ್ಣುಮಕ್ಕಳ ತಾಯಂದಿರಿಗಷ್ಟೇ ಈ ಕೆಲಸವನ್ನು ಬಿಡದೆ ತಂದೆಯರೂ ಗಂಡುಮಕ್ಕಳೂ ಸೂಜಿ ಹಿಡಿಯಲಿ. ನನ್ನ ತರಗತಿಯಲ್ಲಿ ಅತ್ಯಂತ ನೀಟಾಗಿ ಕಚ್ಚಾ ಹೊಲಿಗೆ ಹಾಕುತ್ತಿದ್ದವನು ಒಬ್ಬ ಹುಡುಗ.

ಶಿವಮೊಗ್ಗದ ಯಾವುದೇ ಶಾಲೆ ಕರೆದರೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಈ ಹಂಗಾಮಿನಲ್ಲಿ ಒಂದು ಮಧ್ಯಾಹ್ನ ಬಂದು ಕಚ್ಚೆ ಉಡಿಸುವುದನ್ನೂ ಪೇಟ ಸುತ್ತುವುದನ್ನೂ ಹೇಳಿಕೊಡಲು ನಾನು ಸಿದ್ಧಳಿದ್ದೇನೆ. ಮಕ್ಕಳು ಮನೆಯಿಂದ ಒಂದೊಂದು ಹಳೆಯ ಬಟ್ಟೆ ತಂದರೆ ಸಾಕು. ಸೂಜಿ, ದಾರ, ಲಾಡಿ ನಾನೇ ತರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ
ಶಿವಮೊಗ್ಗ